ಚುಲ್ಲಾ ಅಜ್ಜಿಯ ಗಂಟು

ಲಾಪಾಸ್
ಮೇ 8, 1994

ಅವ್ವಾ,

ಈ ಕಾಗದದ ಜೊತೆ ಬಣ್ಣದ ಪುಡಿ ಎರಡು ಪೊಟ್ಟಣ, ನಿನ್ನ ಮೊಣಕಾಲಿಗೆ ಒಂದು ಡಬ್ಬಿ ಮುಲಾಮು ಕಳಿಸಿದ್ದೇನೆ. ಗುರುವಾರದ ಸಂತೆಗೆ ಬರುವ ಲಾರಿಯವನು ನಂಬಿಗಸ್ತ ಎಂದು ಇಲ್ಲಿ ಹೇಳಿದರು. ಡಬ್ಬಿ ಅರ್ಧ ಖಾಲಿಯಾಗಿ ಬಂದರೆ ಅವನಿಗೂ ಮೊಣಕಾಲು ನೋವಿದೆ ಎಂದುಕೋ.

ಅಪ್ಪ ಸತ್ತ ವರ್ಷ, ನವೆಂಬರಿನ ಮೊದಲ ಎಡೆಯ ದಿನವೇ ಮನೆ ಬಿಟ್ಟವಳು ನಾನು. ಎರಡನೆಯ ಎಡೆಗೆ ಬರಲಿಲ್ಲ, ಒಂದು ಕಾಗದವನ್ನೂ ಹಾಕಲಿಲ್ಲ. ಸರದಿಯಲ್ಲಿ ಮನೆಯಿಂದ ಮನೆಗೆ ಹೋಗುವ ಊರ ಗಂಟಿನಲ್ಲಿದ್ದ ಹಳೆಯ ನೇಯ್ಗೆಯನ್ನು ಅಪ್ಪ ಮಾರಿಕೊಂಡ ಎಂದು ಅವತ್ತು ಎಲ್ಲರೆದುರು ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಈ ಕಾಗದ ಆ ಮಾತನ್ನು ವಾಪಸು ಪಡೆಯುವುದಕ್ಕಲ್ಲ. ಅದಕ್ಕೇ ಬರೆಯಲು ಕೈ ಏಳುತ್ತಿಲ್ಲ.

ನಾನೀಗ ದೋನ್ಯಾ ಗ್ರಾಸಿಯೆಲಾ ಎಂಬ ವಿಧವೆಯ ಮನೆಯಲ್ಲಿ ಕೆಲಸಕ್ಕಿದ್ದೇನೆ. ಅಡುಗೆಗಲ್ಲ, ಕಸಮುಸುರೆಗೂ ಅಲ್ಲ. ಆಕೆಗೆ ಹಳೆಯ ಬಟ್ಟೆ ಕೂಡಿಸುವ ಹುಚ್ಚು. ಸ್ಪೇನಿನವರ ಹಡಗು ಈ ಕಡೆ ಮುಖ ಮಾಡುವ ಮೊದಲೇ ನೇಯ್ದಂಥವು. ಕರಾವಳಿಯ ಮರಳಿನಡಿ ಸಿಕ್ಕಿದ್ದು, ನಮ್ಮ ಬೆಟ್ಟದ ಕಡೆಯಿಂದ ಬಂದದ್ದು, ಎಲ್ಲ ಇವೆ. ಗೋಡೆಯುದ್ದಕ್ಕೂ ಅಗಲವಾದ ಡ್ರಾಯರುಗಳು. ಯಾವುದನ್ನೂ ಮಡಿಸುವಂತಿಲ್ಲ, ಮಡಿಸಿದಲ್ಲಿ ಎಳೆ ಮುರಿಯುತ್ತದೆ. ಕೊಳವೆಗೆ ಸುತ್ತಿಡಬೇಕು. ಧೂಳನ್ನು ಮೇಲೆ ಜಾಲರಿ ಹಾಸಿ ಮೆತ್ತನೆಯ ಕುಂಚದಿಂದ ಎಬ್ಬಿಸಬೇಕು. ಹರಿದಲ್ಲಿ ಎಳೆಗೆ ಎಳೆ ಸೇರಿಸಿ ಹೆಣೆಯುವುದು ನನ್ನ ಕೆಲಸ. ನಾವು ಗಂಟು ಕಟ್ಟಿ, ಅಜ್ಜ ಅಜ್ಜಿ ಎಂದು ಕರೆದು, ಕೋಕಾ ಎಲೆ ಇಟ್ಟು ಮಾತಾಡಿಸುವಂಥವರನ್ನು ಈಕೆ ನುಸಿಗುಳಿಗೆಯ ಜೊತೆ ಮಲಗಿಸುತ್ತಾಳೆ. ಆದರೆ ಮುಟ್ಟುವ ಮುಂಚೆ ಬೆರಳಿನ ಉಂಗುರಗಳನ್ನೆಲ್ಲ ತೆಗೆದಿಡುತ್ತಾಳೆ, ಅದನ್ನೂ ಹೇಳಬೇಕು.

ನಿನ್ನೆ ಆಕೆ ತನ್ನ ಕೋಣೆಯ ಬೀಗದ ಡ್ರಾಯರು ತೆಗೆದು, "ಇದರ ಮೂಲೆ ಸವೆದಿದೆ, ನೋಡು" ಎಂದು ನನ್ನ ಮುಂದೆ ಹಾಸಿದಳು. ಕಪ್ಪು ಒಡಲು. ಎರಡು ಬದಿಗೆ ರಕ್ತಗೆಂಪು ಪಟ್ಟೆ. ಪಟ್ಟೆಯೊಳಗೆ ಎರಡು ತಲೆಯ ಹಕ್ಕಿಗಳ ಸಾಲು, ಕೊನೆಯ ಹಕ್ಕಿಗೆ ಮಾತ್ರ ಒಂದೇ ತಲೆ.

ಅವ್ವಾ, ಅವಳು ನಮ್ಮ ಚುಲ್ಲಾ ಅಜ್ಜಿ. ಐದು ವರ್ಷದ ಹಿಂದೆ ಗಂಟು ನಮ್ಮ ಮನೆಗೆ ಬಂದ ದಿನ, ಒಳಗಂಟು ಬಿಚ್ಚಿದಾಗ, ನಾನು ಅಪ್ಪನ ಪಕ್ಕದಲ್ಲೇ ನಿಂತು ನೋಡಿದ್ದೆ. ಕಣ್ಣು ಮೋಸ ಮಾಡುವಷ್ಟು ದೂರದಲ್ಲಿರಲಿಲ್ಲ.

ಬರುವ ಆಗಸ್ಟಿನಲ್ಲಿ ಗಂಟು ಪ್ಲಾಸಿದೊ ಚಿಕ್ಕಪ್ಪನ ಮನೆಗೆ ಹೋಗುತ್ತದೆ. ಮನೆ ಬದಲಾಗುವಾಗ ಊರೆಲ್ಲ ಸೇರಿ ಒಳಗಂಟು ಬಿಚ್ಚುತ್ತಾರೆ. ಬಿಚ್ಚಿದಾಗ ಅಲ್ಲಿ ಏನೂ ಇರುವುದಿಲ್ಲ. ಆಗ ಅಪ್ಪ ಇರುವುದಿಲ್ಲ, ನೀನಿರುತ್ತೀಯ. ಅದಕ್ಕೇ ಬರೆದೆ. ಮೊದಲೇ ಬಿಚ್ಚಿ ನೋಡು, ಏನು ಹೇಳಬೇಕೆಂದು ಯೋಚಿಸಿಕೋ.

ಇಲಾರಿಯಾ


ಸಾಯ್ವಪಾತ
ಜೂನ್ 3

ಇಲಾರಿಯಾ,

ಮುಲಾಮು ಪೂರ್ತಿ ಬಂತು. ಲಾರಿಯವನ ಮೊಣಕಾಲು ಚೆನ್ನಾಗಿದೆ.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಪಾದ್ರಿಗಳ ಶಾಲೆಯಲ್ಲಿ ಎರಡು ಚಳಿಗಾಲ ಕಲಿತದ್ದು ಇಷ್ಟೇ. ಬೇರೆಯವರ ಕೈಲಿ ಬರೆಸೋಣವೆಂದರೆ ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಬೇಕಾಗುತ್ತದೆ. ಊರಿಗೆ ಅಷ್ಟು ಸಂತೋಷ ಕೊಡುವ ಮನಸ್ಸು ನನಗಿಲ್ಲ.

ಈ ವರ್ಷ ಹಿಮ ಚೆನ್ನಾಗಿ ಬಿದ್ದಿದೆ. ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಹರವಿ, ತುಳಿದು, ನೀರು ಇಳಿಸಿ ಒಣಗಿಸುವ ಕೆಲಸ ನಡೆದಿದೆ. ಮೊನ್ನೆ ತುಳಿಯುತ್ತಿದ್ದಾಗ ಪ್ಲಾಸಿದೊ ಆಚೆ ಬದಿಯ ರಾಶಿಯ ಮೇಲೆ ನಿಂತು ಶುರು ಮಾಡಿದ. ದೂರದವನಾದರೇನು, ದಾಯಾದಿ ಬಾಯಿಗೆ ಬೀಗ ಎಲ್ಲಿದೆ?

"ಏನತ್ತಿಗೆ, ಆಗಸ್ಟ್ ಹತ್ರ ಬಂತು. ಗಂಟು ಹಗುರಾಗೈತೋ, ಭಾರಾನೇ ಐತೋ?"

"ನೀನು ಹೊರೋವಾಗ ಗೊತ್ತಾಗ್ತದೆ. ಮೊದ್ಲು ಸೊಂಟ ಗಟ್ಟಿ ಮಾಡ್ಕೋ."

"ಅಲ್ಲ, ನಿನ್ನ ಮನೆ ತಗಡಿನ ಸೂರು ಬಿಸಿಲಿಗೆ ಫಳ್ ಅಂದಾಗೆಲ್ಲ ನಂಗೆ ಯಾಕೋ ಅಜ್ಜಿ ನೆನಪಾಗ್ತಾಳೆ."

"ನಂಗೆ ನಿನ್ನ ತಲೆ ಬೋಳು ಹೊಳೆದಾಗ ನಿಮ್ಮಪ್ಪ ನೆನಪಾಗ್ತಾನೆ. ನಾನೇನಾದ್ರೂ ಅಂದ್ನಾ?"

ಹೆಂಗಸರೆಲ್ಲ ನಕ್ಕರು. ಆದರೆ ಅವರು ನಕ್ಕದ್ದು ಅವನ ಬೋಳಿಗೆ. ಅವನ ಮಾತನ್ನು ಯಾರೂ ಸುಳ್ಳು ಎನ್ನಲಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ನನಗೆ ಅದೇ ಕೊರೆಯಿತು.

ಗಂಟು ನಮ್ಮ ಮನೆಗೆ ಬಂದ ವರ್ಷವೇ ಹುಲ್ಲು ಹೋಗಿ ತಗಡಿನ ಸೂರು ಬಂತು ಎಂಬುದು ನಿಜ. ಆ ತಗಡು ಎಲ್ಲಿಂದ ಬಂತೆಂದು ನೀನು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಊರನ್ನು ಕೇಳಿದೆ, ಊರು ಹೇಳಿದ್ದನ್ನು ನಂಬಿದೆ.

ಮೊದಲೇ ಬಿಚ್ಚಿ ನೋಡು ಎಂದು ಬರೆದಿದ್ದೀಯ. ಒಳಗಂಟನ್ನು ಒಬ್ಬಂಟಿಯಾಗಿ ಬಿಚ್ಚಿದ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎನ್ನುತ್ತಾರೆ. ಅದಕ್ಕೆ ಹೆದರಿದೆ ಎಂದುಕೋಬೇಡ. ಬಿಚ್ಚಿ ನೋಡಿದರೆ ನಾನೂ ನಿನ್ನಪ್ಪ ಸತುರ್ನೀನೊನ ಮೇಲೆ ಸಂಶಯಪಟ್ಟ ಹಾಗಾಯಿತು. ಅವನು ಗಂಟಿನ ಪಕ್ಕದಲ್ಲೇ ಮೂರು ವರ್ಷ ಮಲಗಿದ್ದು ಸತ್ತ. ಬೆಳಿಗ್ಗೆ ಎದ್ದು ಮೊದಲ ಎಲೆ ಅಜ್ಜಿಗೆ, ಎರಡನೆಯದು ಬಾಯಿಗೆ. ನಾನು ಬಿಚ್ಚುವುದಿಲ್ಲ.

ಆದರೆ ನಿನ್ನ ಕಾಗದ ಬಂದ ಮೇಲೆ ಅಜ್ಜಿಗೆ ಎಲೆ ಇಟ್ಟು, ಗಂಟಿನ ಕಡೆ ನೋಡದೆ ಎದ್ದುಬರುತ್ತೇನೆ. ಅದೊಂದು ಉಪಕಾರ ಮಾಡಿದೆ ನೀನು.

ಬಾಸಿಲಿಯಾ


ಲಾಪಾಸ್
ಜೂನ್ 27

ಅವ್ವಾ,

ಬೈದಿದ್ದೀಯ. ಬೈಸಿಕೊಳ್ಳಲು ಸಿಕ್ಕಿತಲ್ಲ ಎಂದು ಮೂರು ಸಲ ಓದಿದೆ.

ಧೈರ್ಯ ಮಾಡಿ ದೋನ್ಯಾ ಗ್ರಾಸಿಯೆಲಾಳನ್ನು ಕೇಳಿದೆ. ಆಕೆ ಕಾಫಿ ಕುಡಿಯುತ್ತಾ ಪತ್ರಿಕೆಯ ಮರಣವಾರ್ತೆ ಓದುತ್ತಿದ್ದಳು. ದಿನವೂ ಅದನ್ನೇ ಮೊದಲು ಓದುತ್ತಾಳೆ. ಯಾವ ಶ್ರೀಮಂತ ಸತ್ತ, ಅವನ ಮನೆಯಲ್ಲಿ ಯಾವ ಬಟ್ಟೆ ಇತ್ತು ಎಂದು ಲೆಕ್ಕ.

"ಸೆನ್ಯೋರಾ, ಆ ಕಪ್ಪು ಬಟ್ಟೆ ಎಲ್ಲಿ ಕೊಂಡಿರಿ?"

"ದೇವರು ನಿನಗೆ ಮೂಗು ಕೊಟ್ಟಿರೋದು ಉಸಿರಾಡೋಕೆ."

"ಯಾವ ಊರಿಂದು ಅಂತ ತಿಳಿದ್ರೆ ನೂಲು ಹೊಂದಿಸೋಕೆ ಸುಲಭ..."

"ನೋಡು ಹುಡುಗಿ. ತರೋನು ಊರು ಹೇಳಲ್ಲ, ತಗೊಳ್ಳೋಳು ಕೇಳಲ್ಲ. ಕೇಳಿದ್ರೆ ನಿದ್ದೆ ಬರಲ್ಲ. ನಿದ್ದೆಗೆಟ್ಟೋಳು ಏನನ್ನೂ ಕೂಡಿಸೋಕಾಗಲ್ಲ."

ಇನ್ನೊಮ್ಮೆ ಕೇಳಿದರೆ ಕೆಲಸ ಹೋಗುತ್ತದೆ ಎಂದು ಆಕೆಯ ಹುಬ್ಬು ಹೇಳಿತು. ಕುಂಚ ಎತ್ತಿಕೊಂಡು ಕೆಲಸಕ್ಕೆ ಹೋದೆ.

ಮೂಲೆ ಹೆಣೆಯಲು ಕುಳಿತಾಗ ಒಂದು ವಿಚಿತ್ರ ಕಂಡಿತು. ನಾನು ನೂತ ನೂಲು ಅದರ ಪಕ್ಕದಲ್ಲಿ ನಿಲ್ಲಲಿಲ್ಲ. ಬಣ್ಣ ಸರಿ, ದಪ್ಪ ಸರಿ, ಆದರೂ ಎಳೆ ಮುನಿಸಿಕೊಂಡ ಹಾಗೆ ಸುರುಳಿ ಸುತ್ತಿ ಎದ್ದು ಬರುತ್ತಿತ್ತು. ಕಡೆಗೆ ಒಂದು ಎಳೆಯನ್ನು ಬೆರಳಿನಲ್ಲಿ ಉರುಳಿಸಿ ನೋಡಿದೆ. ಪೂರ್ತಿ ಬಟ್ಟೆ ಎಡಹುರಿ. ಅಂಚಿಗೆ ಎರಡು ಎಳೆ ಎಡಹುರಿ ಹಾಕುವುದು ನಾವೂ ಮಾಡುತ್ತೇವೆ, ದೃಷ್ಟಿಗೆ. ಇಡೀ ಬಟ್ಟೆಯನ್ನು ಕದಿರು ಎಡಕ್ಕೆ ತಿರುಗಿಸಿ ನೂತವರುಂಟೇ? ನಮ್ಮ ಅಜ್ಜಿ ಎಡಹುರಿಯವಳೆಂದು ನೀನು ಯಾವತ್ತಾದರೂ ಕೇಳಿದ್ದೀಯಾ?

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಡ್ರಾಯರಿನ ಬೀಗದ ಕೈ ಎಲ್ಲಿರುತ್ತದೆಂದು ನನಗೆ ಗೊತ್ತು. ಜುಲೈ ಕೊನೆಯಲ್ಲಿ ಆಕೆ ತಂಗಿಯ ಮನೆಗೆ ಹೋಗುತ್ತಾಳೆ. ಅಜ್ಜಿಯನ್ನು ಮೈಗೆ ಸುತ್ತಿಕೊಂಡು ಮೇಲೆ ಶಾಲು ಹೊದ್ದು ಬಸ್ಸು ಹತ್ತಿದರೆ ಆಗಸ್ಟಿನ ಮೊದಲು ಊರಿನಲ್ಲಿರುತ್ತೇನೆ. ನೀನು ಬಿಚ್ಚಬೇಡ, ನಾನೇ ಬಿಚ್ಚಿ ಒಳಗಿಡುತ್ತೇನೆ. ಒಲೆ ಹತ್ತದಿದ್ದರೆ ನನ್ನ ಮನೆಯದು ಹತ್ತದಿರಲಿ, ನನಗೆ ಮನೆ ಎಲ್ಲಿದೆ?

ಅಪ್ಪ ಮಾರಿದ್ದನ್ನು ನಾನು ತಂದಿಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ. ಬರಲೇ?

ಇಲಾರಿಯಾ


ಸಾಯ್ವಪಾತ
ಜುಲೈ 14

ಬೇಡ. ಬೀಗದ ಕೈ ಇದ್ದಲ್ಲೇ ಇರಲಿ.

ಈ ಊರಲ್ಲಿ ಕಳ್ಳನ ಹೆಂಡತಿ ಎನ್ನಿಸಿಕೊಂಡಿದ್ದೇನೆ. ಕಳ್ಳಿಯ ತಾಯಿ ಎನ್ನಿಸಿಕೊಳ್ಳಲಾರೆ.

ಎಡಹುರಿಯ ಮಾತು ನನಗೆ ಗೊತ್ತಿಲ್ಲ. ಅಜ್ಜಿಯನ್ನು ಹಾಗೆ ಬೆರಳಲ್ಲಿ ಉರುಳಿಸಿ ನೋಡುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ.

ಬಾಸಿಲಿಯಾ


ಸಾಯ್ವಪಾತ
ಆಗಸ್ಟ್ 6

ಇಲಾರಿಯಾ, ಮಗಳೇ,

ಕುಳಿತುಕೊಂಡು ಓದು. ನಾನು ನಿಂತಿದ್ದೆ, ಅದೇ ತಪ್ಪಾಯಿತು.

ಆಗಸ್ಟಿನಲ್ಲಿ ಭೂಮಿ ಬಾಯಿ ತೆರೆದಿರುತ್ತಾಳೆ. ಅವಳಿಗೆ ಕೊಡುವುದನ್ನೆಲ್ಲ ಕೊಟ್ಟು ಮುಗಿದ ಮೇಲೆ ಗಂಟನ್ನು ಅಂಗಳದ ನಡುವೆ ಇಟ್ಟರು. ಒಂದು ಮನೆಯವರೂ ತಪ್ಪಿಸಿಕೊಂಡಿರಲಿಲ್ಲ. ಮಗಳ ಮನೆಗೆ, ದೂರದ ಗಣಿಗೆ, ಕಣಿವೆಗೆ ಹೋದವರೂ ಬಂದಿದ್ದರು. ಯಾರದಾದರೂ ಮಾನ ಹೋಗುತ್ತದೆಂದರೆ ಜನಕ್ಕೆ ದಾರಿ ದೂರವಾಗುವುದಿಲ್ಲ.

ಒಯ್ಯುವವನೇ ಬಿಚ್ಚಬೇಕಲ್ಲ, ಪ್ಲಾಸಿದೊ ಟೋಪಿ ತೆಗೆದು ಮಂಡಿಯೂರಿದ. ಹೊರಗಂಟು ಬಿಚ್ಚಿದ. ಚಿಕ್ಕ ನೇಯ್ಗೆಯವರೆಲ್ಲ ಇದ್ದರು, ಒಬ್ಬೊಬ್ಬರನ್ನೇ ಎತ್ತಿ ತೋರಿಸಿ ಬದಿಗಿಟ್ಟ. ಒಳಗಂಟಿಗೆ ಬಂದಾಗ ನನ್ನ ಕಡೆ ನೋಡಿದ. ನಾನು ಅವನ ಕೈ ನೋಡಲಿಲ್ಲ, ಪಕ್ಕದ ಗೋಡೆಯ ಮೇಲೆ ಒಣಗಲು ಹಾಕಿದ್ದ ಕುರಿಚರ್ಮ ನೋಡುತ್ತಿದ್ದೆ. ನಿನ್ನ ಕಾಗದದ ಮಾತುಗಳೆಲ್ಲ ಕಿವಿಯಲ್ಲಿ ಓಡಾಡುತ್ತಿದ್ದವು. ಇಲ್ಲ ಎಂದಾದರೆ ಸತುರ್ನೀನೊನ ಗೋರಿಯ ಶಿಲುಬೆಯನ್ನು ಕಿತ್ತು ಎಲ್ಲಿ ನೆಡಲಿ ಎಂದು ಯೋಚಿಸುತ್ತಿದ್ದೆ, ದೇವರಾಣೆ.

ಪ್ಲಾಸಿದೊ ಒಳಗಂಟು ಬಿಚ್ಚಿದ. ಆಮೇಲೆ ಎರಡೂ ಕೈಯಿಂದ ಬಟ್ಟೆ ಎತ್ತಿ ಹಿಡಿದು ಹೇಳಿದ.

"ಅವ್ಳೆ. ಅಜ್ಜಿ ಅವ್ಳೆ ಇಲ್ಲಿ."

ಕಪ್ಪು ಒಡಲು, ಕೆಂಪು ಪಟ್ಟೆ, ಹಕ್ಕಿ ಸಾಲು, ಕೊನೆಯ ಹಕ್ಕಿಗೆ ಒಂದೇ ತಲೆ. ಎಲ್ಲ ಇದೆ. ಒಂದು ಎಳೆಯೂ ಹೋಗಿಲ್ಲ. ನಿನ್ನಪ್ಪ ಇಟ್ಟ ಕೋಕಾ ಎಲೆ ಅವಳ ಮಡಿಲಲ್ಲಿ ಒಣಗಿಕೊಂಡಿತ್ತು.

ನಾನು ಆಲೂಗಡ್ಡೆ ಮೂಟೆಯ ಮೇಲೆ ದೊಪ್ಪೆಂದು ಕುಳಿತೆ. ಅಳು ಬರುತ್ತದೆಂದುಕೊಂಡರೆ ನಗು ಬಂತು. ಪ್ಲಾಸಿದೊ ಮೆಲ್ಲನೆ, "ಹಂಗಾದ್ರೆ ಅತ್ತಿಗೆ, ತಗಡು?" ಎಂದ.

"ತಗಡಾ? ಗಣಿ ಮುಚ್ಚಿದ ವರ್ಷ ಕಾವಲುಗಾರ ಕುಡಿದು ಬಿದ್ದಿದ್ನಲ್ಲ, ಆಗ ಶಿಬಿರದ ಮನೆ ಸೂರನ್ನ ನಿಮ್ಮಣ್ಣ ಬಿಚ್ಕೊಂಡು ಬಂದ. ಕತ್ತೆ ಮೇಲೆ ಹೇರಿ ತಂದ. ಕಳ್ಳ ಕಳ್ಳ ಅಂದ್ರಲ್ಲ, ಹೌದು ಕಳ್ಳನೇ. ತಗಡು ಕಳ್ಳ. ಅಜ್ಜಿ ಕಳ್ಳ ಅಲ್ಲ."

"ಅದನ್ನ ಮೊದ್ಲೇ ಹೇಳ್ಬಾರ್ದಾ?"

"ಹೇಳಿದ್ರೆ ಗಣಿಯೋರ ಕಿವಿಗೆ ಮುಟ್ಸೋನು ನೀನೇ ಅಲ್ವಾ?"

ಅಂಗಳವೆಲ್ಲ ನಗು. ಈ ಸಲ ಅವರು ನಕ್ಕದ್ದು ನನ್ನ ಜೊತೆ.

ಇನ್ನು ನಿನ್ನ ಡ್ರಾಯರಿನವರ ಮಾತು. ನೀನು ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನಲಾರೆ, ನಾನು ಕಂಡದ್ದೂ ಸುಳ್ಳಲ್ಲ. ಎಲ್ಲರೂ ಜೋಳದ ಚಿಚಾ ಕುಡಿಯಲು ಕುಳಿತಾಗ ಅಜ್ಜಿಯ ಅಂಚು, ಒಡಲು, ಪಟ್ಟೆ, ಒಂದೊಂದು ಕಡೆ ಒಂದೊಂದು ಎಳೆ ಹಿಡಿದು ಮೆಲ್ಲನೆ ಉರುಳಿಸಿದೆ. ಬಲಹುರಿ. ಇಡೀ ಬಟ್ಟೆ ಬಲಹುರಿ. ಇದೇನಿದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಪ್ಲಾಸಿದೊ ಕುಣಿದು ಸುಸ್ತಾಗಿ ಬಂದ. ಒಂದು ಕಾಲಲ್ಲಿ ಚಪ್ಪಲಿ ಇಲ್ಲ.

"ಅಯ್ಯೋ ಅತ್ತಿಗೆ, ನನ್ನ ಚಪ್ಪಲಿ ಚುಲ್ಲಾ ಆಗೋಯ್ತಲ್ಲ. ಇದರ ಜೊತೆಯೋನು ಎಲ್ಲೋದ?"

ಇಲಾರಿಯಾ, ನಾನು ಎಳೆಯನ್ನು ಕೈಬಿಟ್ಟು ಅವನ ಬರಿಗಾಲನ್ನೇ ನೋಡಿದೆ. ಜೊತೆ ಕಳೆದು ಉಳಿದದ್ದನ್ನು ನಾವು ಚುಲ್ಲಾ ಎನ್ನುತ್ತೇವೆ. ಒಂಟಿ ಕಾಲುಚೀಲ ಚುಲ್ಲಾ, ಒಂದೇ ಕೊಂಬಿನ ಟಗರು ಚುಲ್ಲಾ. ದಿನಕ್ಕೆ ಹತ್ತು ಸಲ ಆಡುವ ಮಾತು. ಅಜ್ಜಿಯ ವಿಷಯದಲ್ಲಿ ಮಾತ್ರ, ಇವಳಿಗೆ ಸಾಟಿಯಿಲ್ಲ, ಅದಕ್ಕೇ ಒಂಟಿ ಎಂದು ದೊಡ್ಡದಾಗಿ ಅರ್ಥ ಮಾಡಿಕೊಂಡು ಕುಳಿತಿದ್ದೆವು. ಹೆಸರಿಟ್ಟವರು ನೇರವಾಗಿಯೇ ಇಟ್ಟಿದ್ದರು. ಅಜ್ಜಿಗೊಬ್ಬ ಜೊತೆಗಾರನಿದ್ದ, ಅವನು ಕಳೆದುಹೋಗಿದ್ದ.

ಇವಳು ಬಲಹುರಿ, ಅವನು ಎಡಹುರಿ. ನಿನ್ನ ಗ್ರಾಸಿಯೆಲಾಳ ಡ್ರಾಯರಿನಲ್ಲಿ ಮಲಗಿರುವುದು ಅಜ್ಜಿಯಲ್ಲ ಕಣೆ, ಅಜ್ಜ. ಮುದುಕ ಯಾವ ಕಾಲದಲ್ಲೋ ಪಟ್ಟಣ ಸೇರಿದ್ದಾನೆ.

ನಿನಗೆ ಬರೆದು ಮುಗಿಸಿ ನಾನು ಮಲಗುತ್ತೇನೆ. ಮೇ ತಿಂಗಳಿಂದ ಸರಿಯಾಗಿ ಮಲಗಿಲ್ಲ.

ಅವ್ವ


ಲಾಪಾಸ್
ಸೆಪ್ಟೆಂಬರ್ 11

ಅವ್ವಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕುಳಿತು ಓದಿದೆ. ಒಲೆಯ ಮೇಲಿದ್ದ ಹಾಲು ಉಕ್ಕಿ, ಸೀದು, ಮನೆಯೆಲ್ಲ ಹೊಗೆಯಾದರೂ ಏಳಲಾಗಲಿಲ್ಲ. ದೋನ್ಯಾ ಗ್ರಾಸಿಯೆಲಾ ಕೋಲು ಊರಿಕೊಂಡು ಬಂದು, "ಯಾರು ಸತ್ತರು?" ಎಂದಳು.

"ಯಾರೂ ಸತ್ತಿಲ್ಲ ಸೆನ್ಯೋರಾ. ನಮ್ಮಪ್ಪ ಕದ್ದಿಲ್ಲ."

ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಅಪ್ಪನ ಕೈ, ಅಪ್ಪ ಎಲೆ ಇಡುತ್ತಿದ್ದ ರೀತಿ, ಮತ್ತೆ ನೆನೆಸಿಕೊಳ್ಳಬಹುದು ಎನ್ನಿಸಿತು. ಎರಡು ವರ್ಷ ಅವನ್ನು ನೆನೆಯದ ಹಾಗೆ ನೋಡಿಕೊಂಡಿದ್ದೆ.

ಆಕೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೀಗದ ಕೈಯ ವಿಷಯವನ್ನೂ ಹೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ, ಕುರ್ಚಿ ಎಳೆದು ಕುಳಿತಳು.

"ಅದನ್ನ ನಾನು ಕೊಂಡಿದ್ದೇ ಅಲ್ಲ. ನಮ್ಮತ್ತೆ ಮದುವೆ ಪೆಟ್ಟಿಗೆ ತಳದಲ್ಲಿ ಹಾಸಿತ್ತು. ಅವರ ತಂದೆಗೆ ಯಾರೋ ಕೊಟ್ಟಿದ್ದಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪೆಟ್ಟಿಗೆ ಒರೆಸೋಕೆ ಹೋಗಿ ನೋಡಿದೆ. ಕೂಡಿಸೋ ಹುಚ್ಚು ಹತ್ತಿಸಿದ್ದೇ ಅದು."

"ಜೂನಿನಲ್ಲೇ ಇದನ್ನ ಹೇಳಿದ್ರೆ ನಮ್ಮವ್ವ ಎರಡು ತಿಂಗಳು ನಿದ್ದೆಗೆಡ್ತಿರ್ಲಿಲ್ಲ."

"ನೀನು 'ಎಲ್ಲಿ ಕೊಂಡಿರಿ' ಅಂದೆ. ನಿಮ್ಮವ್ವ ನಿದ್ದೆ ಕೆಡ್ತಾಳೆ ಅಂತ ಅಂದ್ಯಾ?"

ನನಗೆ ಸಿಟ್ಟು ಬಂತು, ಸೀದ ಪಾತ್ರೆಯನ್ನು ಎತ್ತಿ ನೆಲಕ್ಕೆ ಕುಕ್ಕಿದೆ. ಜೊತೆಯ ವಿಷಯ ಹೇಳಿದಾಗ ಮಾತ್ರ ಆಕೆಯ ಮುಖ ಸಪ್ಪಗಾಯಿತು. ಈ ಊರಲ್ಲಿ ಬೆಳೆದವಳು, ಚುಲ್ಲಾ ಎಂದರೆ ಏನೆಂದು ಆಕೆಗೆ ಬಿಡಿಸಿ ಹೇಳಬೇಕಿರಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ವಾರವೆಲ್ಲ ಕಾಫಿಯನ್ನು ಕೋಣೆಗೇ ತರಿಸಿಕೊಂಡಳು. ಮರಣವಾರ್ತೆಯನ್ನೂ ಓದಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದರೆ ಉಂಗುರಗಳೆಲ್ಲ ಮೇಜಿನ ಮೇಲಿದ್ದವು. ಆಕೆ ಅಜ್ಜನನ್ನು ತಾನೇ ಕೊಳವೆಗೆ ಸುತ್ತುತ್ತಿದ್ದಳು.

"ನಾನೂ ಬರ್ತೀನಿ ನಿಮ್ಮೂರಿಗೆ. ಕೊಡೋಕೆ ಅಂತ ತಿಳ್ಕೋಬೇಡ. ನೋಡೋಕೆ."

"ಬರೀ ನೋಡೋಕಾ ಸೆನ್ಯೋರಾ?"

"ಐವತ್ತು ವರ್ಷ ಕೂಡಿಸಿದೋಳು ನಾನು. ಕೊಡೋದು ಹೆಂಗೆ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಸುಮ್ನೆ ಆ ತುದಿ ಹಿಡ್ಕೋ."

ತುದಿ ಹಿಡಿದೆ. ಅವ್ವಾ, ಆಕೆ ಬರಬಹುದೇ? ನಾನು ಬರಬಹುದೇ ಎಂದು ಕೇಳಬೇಕಾದದ್ದು ಮೊದಲು. ಸತ್ತವರು ನವೆಂಬರಿನ ಎಡೆಗೆ ಬರುವುದು ಮೂರೇ ವರ್ಷ, ಅಪ್ಪ ಈ ಮೂರನೆಯ ಸಲ ಬಂದು ಹೋದ ಮೇಲೆ ಇನ್ನು ಬರುವುದಿಲ್ಲವಲ್ಲ. ಅವನನ್ನು ನಾನು ನೋಡಬೇಕು. ಅವನು ನನ್ನನ್ನು ನೋಡಲು ಒಪ್ಪಿದರೆ.

ನಿನ್ನ ಇಲಾರಿಯಾ


ಸಾಯ್ವಪಾತ
ಅಕ್ಟೋಬರ್ 5

ಮಗಳೇ,

ಪ್ಲಾಸಿದೊ ಸಭೆ ಕರೆದ. ಈಗ ಗಂಟು ಅವನ ಮನೆಯಲ್ಲಿದೆ, ಗತ್ತು ನೋಡಬೇಕು. ಅರ್ಧ ದಿನ ವಾದ ನಡೆಯಿತು. ಕೊನೆಗೆ ಆದ ತೀರ್ಮಾನ ಇಷ್ಟು. ಆ ಹೆಂಗಸು ನೋಡಲು ಬಂದರೆ ಬರಲಿ, ಉಣ್ಣಲು ಹಾಕೋಣ. ಆದರೆ ಅಜ್ಜ ಸಾಮಾನಿನ ಹಾಗೆ ಲಾರಿಯ ಹಿಂದೆ ಬಿದ್ದುಕೊಂಡು ಬರಬಾರದು. ಕಣಿವೆಯ ಬಾಯಲ್ಲಿ ಇಳಿದು ಯಾರಾದರೂ ಬೆನ್ನ ಮೇಲೆ ಹೊತ್ತು ನಡೆದು ತರಬೇಕು. ಅಜ್ಜಿ ಎದುರುಗೊಳ್ಳಲು ಬರುತ್ತಾಳೆ, ವಾದ್ಯದವರೂ ಬರುತ್ತಾರೆ. ಹೊರುವವರು ಯಾರು ಎಂದಾಗ ಪ್ಲಾಸಿದೊನೇ, "ಸತುರ್ನೀನೊ ಮಗ್ಳೇ ಹೊರ್ಲಿ" ಎಂದ.

ಅಜ್ಜ ಯಾವ ಕಾಲದಲ್ಲಿ ಊರು ಬಿಟ್ಟ ಎಂಬ ಮಾತೂ ಬಂತು. ನಿನ್ನ ಗ್ರಾಸಿಯೆಲಾಳ ಅತ್ತೆಯ ಕಾಲ ಲೆಕ್ಕ ಹಾಕಿದರೆ ಆಗ ಗಂಟು ಪ್ಲಾಸಿದೊನ ಅಜ್ಜನ ಮನೆಯಲ್ಲಿತ್ತು. ಆ ಮನೆಗೆ ಅದೇ ಕಾಲದಲ್ಲಿ ಗ್ರಾಮಫೋನು ಬಂದದ್ದು ಊರಿಗೆಲ್ಲ ಗೊತ್ತಿರುವ ಕಥೆ. ಪ್ಲಾಸಿದೊ ತಲೆ ಎತ್ತಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಕೋಕಾ ಜಗಿಯುತ್ತಾ ಕುಳಿತೆ. ಒಂದು ಮನೆಗೆ ಗ್ರಾಮಫೋನು ಬಂದ ಮಾತ್ರಕ್ಕೆ ಆ ಮನೆಯವರು ಏನೋ ಮಾರಿಕೊಂಡರು ಎನ್ನಲು ನನ್ನಿಂದಾಗದು. ಮಾತು ಮುಂದಕ್ಕೆ ಹೋಯಿತು.

ನೀನು ಬರಬಹುದೇ ಎಂದು ಕೇಳಿದ್ದೀಯ. ಎಡೆಗೆ ಹಿಟ್ಟು ನಾದಲು ನನ್ನ ಕೈಲಾಗುವುದಿಲ್ಲ. ಒಂದು ದಿನ ಮೊದಲೇ ಬಾ.

ಅವ್ವ


ಸಾಯ್ವಪಾತ
ನವೆಂಬರ್ 20

ಇಲಾರಿಯಾ,

ನೀವಿಬ್ಬರೂ ಸುಖವಾಗಿ ಮುಟ್ಟಿದ್ದು ಲಾರಿಯವನಿಂದ ತಿಳಿಯಿತು. ನಿನ್ನ ಗ್ರಾಸಿಯೆಲಾ ದಾರಿಯುದ್ದಕ್ಕೂ ಅವನ ಓಡಿಸುವಿಕೆಯನ್ನು ಬೈದಳಂತೆ. ಅವನಿಗೆ ಬಹಳ ಇಷ್ಟವಾಗಿದ್ದಾಳೆ.

ಆಕೆ ಒಳ್ಳೆಯವಳೋ ಕೆಟ್ಟವಳೋ ಎಂದು ಊರಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ. ಅವತ್ತು ಇಬ್ಬರನ್ನೂ ಅಕ್ಕಪಕ್ಕ ಹಾಸಿದಾಗ ನಡುವಿನ ಅಂಚಿನಲ್ಲಿ ಹಳೆಯ ಹೊಲಿಗೆಯ ತೂತುಗಳು ಒಂದಕ್ಕೊಂದು ಕೂಡಿದವಲ್ಲ, ಆಗ ಆಕೆ ಮುಖವನ್ನು ಗೋಡೆ ಕಡೆ ತಿರುಗಿಸಿದ್ದನ್ನು ನಾನು ನೋಡಿದೆ. ನೀನು ಎಡೆಯ ಕೆಲಸದಲ್ಲಿದ್ದೆ. ಮರುದಿನವೆಲ್ಲ ಅವರ ಪಕ್ಕದಲ್ಲಿ ಕುರಿಚರ್ಮದ ಮೇಲೆ ಕುಳಿತಿದ್ದಳು. ಯಾರೂ ಕೊಡು ಎನ್ನಲಿಲ್ಲ. ಹೊತ್ತು ಇಳಿದಾಗ ಎದ್ದು, "ಲಾರಿ ಎಷ್ಟೊತ್ತಿಗೆ?" ಎಂದಳು. ಅಜ್ಜನನ್ನು ಸುತ್ತಿ ತಂದ ಕೊಳವೆಯನ್ನು ಕೈಗೆ ಕೊಡಹೋದರೆ, "ಅದ್ಯಾಕೆ ನಂಗೆ ಈಗ" ಎಂದು ಗದರಿದಳು. ಈಗ ನಾನು ಅದರಲ್ಲಿ ಹಿಟ್ಟು ಲಟ್ಟಿಸುತ್ತೇನೆ. ಪ್ಲಾಸಿದೊ ಮಾತ್ರ ಇಬ್ಬರಾದ ಮೇಲೆ ಎಲೆಯ ಖರ್ಚು ಎರಡರಷ್ಟಾಯಿತೆಂದು ಗೊಣಗುತ್ತಿದ್ದಾನೆ.

ಇನ್ನೊಂದು ಮಾತು ನೀನಿದ್ದಾಗ ಹೇಳಲಿಲ್ಲ. ಎದುರಿಗೆ ಹೇಳಿದರೆ ಅಳುತ್ತಿದ್ದೆ, ನಿನ್ನನ್ನೂ ಅಳಿಸುತ್ತಿದ್ದೆ. ಎಡೆಗೆ ಬಂದವನ ಊಟದ ಹೊತ್ತಿನಲ್ಲಿ ಅಳಬಾರದು.

ಮೊದಲ ವರ್ಷ ನೀನು ಆ ಮಾತು ಆಡಿ ಹೊರಟುಹೋದ ಮೇಲೆ, ಎಡೆಗೆ ಬಂದಿದ್ದವರೆಲ್ಲ ಟೋಪಿ ಹಾಕಿಕೊಂಡು ಎದ್ದರು. ಒಬ್ಬರೂ ಪ್ರಾರ್ಥನೆ ಹೇಳಲಿಲ್ಲ. ಎರಡನೆಯ ವರ್ಷ ಬಾಗಿಲು ತೆಗೆದಿಟ್ಟು ಮಧ್ಯಾಹ್ನದವರೆಗೆ ಕಾದೆ. ನಾಯಿ ಬಂತು. ಎಡೆಗೆ ಬೇಯಿಸಿದ ಹಿಟ್ಟಿನ ಕೂಸುಗಳನ್ನು, ಆ ಕೂಸಿನಾಕಾರದ ರೊಟ್ಟಿಗಳನ್ನು, ಬೇರೆಯವರು ಸತ್ತವನ ಹೆಸರು ಹೇಳಿ, ಪ್ರಾರ್ಥಿಸಿ, ಒಯ್ದು ತಿಂದರೆ ತಾನೇ ಅವನ ಹೊಟ್ಟೆ ತುಂಬುವುದು? ಎರಡು ವರ್ಷವೂ ಅವು ಹಾಗೇ ಉಳಿದವು. ಒಣಗಿ ಕಲ್ಲಾದದ್ದನ್ನು ಸಾರಿನಲ್ಲಿ ನೆನೆಸಿಕೊಂಡು ಮಳೆಗಾಲವೆಲ್ಲ ನಾನೊಬ್ಬಳೇ ತಿಂದೆ. ನಿನ್ನಪ್ಪ ಆ ಎರಡು ಸಲವೂ ನಮ್ಮ ಮನೆಗೆ ಬಂದು ಹಸಿದೇ ಹೋಗಿದ್ದ. ಮೂರನೆಯ ಸಲವೂ ಹೀಗೆಯೇ ಆದರೆ ಎಂದೆಂದಿಗೂ ಹಸಿದವನೇ ಎಂದು ನನಗೆ ಹೆದರಿಕೆಯಿತ್ತು. ಅದನ್ನು ನಿನಗೆ ಬರೆಯಲಿಲ್ಲ.

ಈ ಸಲ ಏನಾಯಿತು, ನೀನೇ ನೋಡಿದೆ. ಪ್ಲಾಸಿದೊ ಮೊದಲು ಬಂದು ಮಂಡಿಯೂರಿ, "ಅಣ್ಣಾ, ಆ ತಗಡಲ್ಲಿ ನಂಗೂ ಎರಡು ತಂದಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ" ಎಂದು ಶುರು ಮಾಡಿ, ಆಮೇಲೆ ಅತ್ತು, ಪೂರ್ತಿ ಪ್ರಾರ್ಥನೆ ಹೇಳಿದ. ಅವನ ಹಿಂದೆ ಸಾಲು ಹಿಡಿಯಿತಲ್ಲ. ಬೇಯಿಸಿದ್ದೆಲ್ಲ ಖಾಲಿಯಾಗಿ, ಜನ ಮಾತ್ರ ಇನ್ನೂ ಅಂಗಳದಲ್ಲಿ ನಿಂತಿದ್ದರು. ನೀನು ಮುಖಕ್ಕೆಲ್ಲ ಮಸಿ ಮಾಡಿಕೊಂಡು, "ಹಿಟ್ಟು ಮುಗೀತು, ಏನ್ ಮಾಡ್ಲಿ?" ಎಂದು ಕಿರುಚುತ್ತಾ ಪ್ಲಾಸಿದೊನ ಮನೆಗೆ ಹಿಟ್ಟು ತರಲು ಓಡಿದೆ. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. "ಇಲ್ಲಿ ಮಾನ ಹೋಗ್ತಾ ಐತೆ, ನಿಂಗೆ ನಗು" ಎಂದು ನೀನು ನನ್ನನ್ನು ಬೈದೆ.

ಅದಕ್ಕೇ ನಕ್ಕದ್ದು ಮಗಳೇ. ನಿನ್ನಪ್ಪ ಹೊಟ್ಟೆ ತುಂಬ ಉಂಡು ಹೋದ.

ನಿನ್ನ ಅವ್ವ,
ಬಾಸಿಲಿಯಾ